ಕೊಡೆ ಗುರುತಿನ ಏಪ್ರನ್

ದೊಡ್ಡ ಪ್ರಿಂಟಿಗೆ ಹನ್ನೆರಡು ಪ್ಯಾಂಟಿನ ಕಾಲು ಮಡಿಸಿ ಹೊಲಿದಷ್ಟು ಕೂಲಿ. ಗಾಜು, ಚೌಕಟ್ಟು ಬೇಕೆಂದರೆ ಅದರ ಮೇಲೊಂದು ಕೋಟಿನ ಅಸ್ತರು ಬದಲಾಯಿಸಿದಷ್ಟು. ಚಿಕ್ಕ ಪ್ರಿಂಟಾದರೆ ಅರ್ಧಕ್ಕರ್ಧ ಕಡಿಮೆ. ಯಾರು ಯಾವ ಬೆಲೆ ಹೇಳಿದರೂ ಮೊದಲು ತನ್ನ ಹೊಲಿಗೆಗೆ ಇಳಿಸಿಕೊಂಡು ತೂಗಿ ನೋಡುವುದು ಟೈಲರಕ್ಕನ ಅಭ್ಯಾಸ. ಬೀದಿಯವರೆಲ್ಲ ಅವಳನ್ನು ಕರೆಯುವುದೇ ಹಾಗೆ, ಅವಳಿಗಿಂತ ದೊಡ್ಡವರೂ ಸೇರಿ. ಅವತ್ತು ಮಾತ್ರ ಅವಳು ಹೆಚ್ಚು ತೂಗಲಿಲ್ಲ.

"ಚಿಕ್ಕದು ಬೇಡಪ್ಪ. ಗಾಜು ಹಾಕಿ ದೊಡ್ಡದೇ ಮಾಡು," ಎಂದು ಚೀಲದಿಂದ ಹಳೆಯ ಭಾವಚಿತ್ರ ತೆಗೆದು ಸ್ಟುಡಿಯೋದವನ ಮೇಜಿನ ಮೇಲಿಟ್ಟಳು.

ಸ್ಟುಡಿಯೋದವನು ಅದನ್ನು ದೀಪದ ಕೆಳಗೆ ಹಿಡಿದು, ಓರೆ ಮಾಡಿ, ಉಗುರಿನಿಂದ ಮೆಲ್ಲಗೆ ಸವರಿ ನೋಡಿದ. ಅದು ಅವನ ಅಪ್ಪನ ಕಾಲದ ಕೆಲಸ. ನಾಲ್ಕು ವರ್ಷದ ಹುಡುಗನೊಬ್ಬನ ಎದೆಮಟ್ಟದ ಚಿತ್ರ. ತುಟಿ ಮುಚ್ಚಿದೆ, ತಲೆ ಒಂದಿಷ್ಟು ವಾಲಿದೆ, ಎಣ್ಣೆ ಹಚ್ಚಿ ಬಾಚಿದಂಥ ಬೈತಲೆ. ಏಪ್ರನ್ನಿನ ಎದೆಯ ಮೇಲೆ ಬಟ್ಟೆಯಲ್ಲಿ ಕತ್ತರಿಸಿ ಹೊಲಿದ ಒಂದು ಕಪ್ಪು ಕೊಡೆ. ಎಲ್ಲವೂ ಮಾಸಿ ಕಂದುಬಣ್ಣಕ್ಕೆ ತಿರುಗಿದೆ.

"ಅಕ್ಕಾ, ಬೇಜಾರು ಮಾಡ್ಕೋಬೇಡಿ. ಇದನ್ನ ದೊಡ್ಡದು ಮಾಡಿದ್ರೆ ನಿಮ್ಮ ತಮ್ಮ ಕಾಣಲ್ಲ, ನಮ್ಮಪ್ಪನ ಬ್ರಷ್ಷು ಕಾಣುತ್ತೆ. ಈ ಕಣ್ಣು, ಹುಬ್ಬು ಎಲ್ಲ ಅವರು ಬರೆದಿದ್ದು. ಈ ಬೈತಲೇನೂ ಅಷ್ಟೆ. ನಮ್ಮಪ್ಪ ಎಲ್ಲ ಮಕ್ಕಳಿಗೂ ಎಡಕ್ಕೇ ಬೈತಲೆ ತೆಗೀತಿದ್ರು. ಬ್ರಷ್ ಹಿಡಿಯೋ ಕೈಗೆ ಅದೇ ಸಲೀಸಂತೆ. ಈ ಊರಲ್ಲಿ ಗೋಡೆ ಮೇಲಿರೋರೆಲ್ಲ ಒಂದೇ ಕಡೆ ತಲೆ ಬಾಚಿರ್ತಾರೆ ನೋಡಿ!"

ಅವನು ನಕ್ಕ. ಅವಳು ನಗಲಿಲ್ಲ. ಅವನು ನಾಲಿಗೆ ಕಚ್ಚಿಕೊಂಡು ದನಿ ತಗ್ಗಿಸಿದ.

"ಇದಕ್ಕೆ ಮೂಲ ಫೋಟೋ ಇರ್ಬೇಕಲ್ಲ? ಕ್ಲಾಸಿಂದು?"

"ಇತ್ತು. ಒಂದು ಮಳೆಗಾಲದಲ್ಲಿ ಗೋಡೆಯೆಲ್ಲ ತೇವ ಆಯ್ತು. ಗಾಜಿಗೆ ಅಂಟ್ಕೊಂಡಿತ್ತು, ಬಿಡಿಸೋಕೆ ಹೋದ್ರೆ ಮುಖಗಳೆಲ್ಲ ಕಿತ್ಕೊಂಡು ಬಂದ್ವು."

"ನೆಗೆಟಿವ್‌ಗೆ ನಮ್ಮಲ್ಲೂ ಬೂಷ್ಟು ಹಿಡಿದು ಹೋಯ್ತು. ಆದ್ರೆ ನರ್ಸರಿಯೋರ ಹತ್ರ ಪ್ರತಿ ವರ್ಷದ್ದೂ ಒಂದೊಂದು ದೊಡ್ಡ ಪ್ರಿಂಟ್ ಇದೆ. ಕಟ್ಟಡ ಕೆಡವ್ತಾರಂತಲ್ಲ, ಈ ವಾರ ಹಳೇ ಫೋಟೋ ಎಲ್ಲ ಹಾಲ್‌ನಲ್ಲಿ ತೂಗುಹಾಕಿದಾರೆ. ಒಂದು ದಿನದ ಮಟ್ಟಿಗೆ ಇಸ್ಕೊಂಡು ಬನ್ನಿ, ಸ್ಕ್ಯಾನ್ ಮಾಡಿ ಕಣ್ಣಿಗೆ ಹೊಡೆಯೋ ಹಾಗೆ ತೆಗೆದುಕೊಡ್ತೀನಿ."

ಕಣ್ಣಿಗೆ ಹೊಡೆಯುವ ಹಾಗೆಯೇ ಬೇಕಾಗಿತ್ತು ಅವಳಿಗೆ. ಅಮ್ಮನ ಒಂದು ಕಣ್ಣು ಪೂರ್ತಿ ಹೋಗಿತ್ತು. ಇನ್ನೊಂದರಲ್ಲಿ ನಡುವೆ ಒಂದು ಕಿಂಡಿಯಷ್ಟು ಜಾಗ ಮಾತ್ರ ಉಳಿದಿತ್ತು. ಹನಿ ಹಾಕುತ್ತಿರಿ, ನಿಧಾನವಾಗುತ್ತದೆ, ನಿಲ್ಲುವುದಿಲ್ಲ ಎಂದು ಕಣ್ಣಿನ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಅವತ್ತು ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಅಮ್ಮ ಮಗಳ ತೋಳು ಹಿಡಿದುಕೊಂಡು ಒಂದೇ ಮಾತು ಕೇಳಿದ್ದಳು: "ಪೂರ್ತಿ ಕತ್ತಲಾಗೋ ಮುಂಚೆ ಬಟಾಣಿ ಮುಖ ಒಂದ್ಸಲ ಸರಿಯಾಗಿ ತೋರಿಸಿಬಿಡೇ."

ಬಟಾಣಿ ಎಂದರೆ ತಮ್ಮ. ಹುಟ್ಟಿದಾಗ ಬಟಾಣಿ ಕಾಳಿನ ಹಾಗೆ ಗುಂಡಗಿದ್ದನಂತೆ, ಅಪ್ಪ ಇಟ್ಟ ಹೆಸರು. ನರ್ಸರಿಗೆ ಸೇರಿದ ವರ್ಷವೇ ಜ್ವರ ಬಂದು ಹೋಗಿಬಿಟ್ಟ. ಮನೆಯಲ್ಲಿ ಕ್ಯಾಮೆರಾ ಇರಲಿಲ್ಲ. ಮುಂದಿನ ಹುಟ್ಟುಹಬ್ಬಕ್ಕೆ ಸ್ಟುಡಿಯೋಗೆ ಕರೆದುಕೊಂಡು ಹೋಗೋಣ ಎಂದುಕೊಂಡಿದ್ದರು. ಆ ಹುಟ್ಟುಹಬ್ಬ ಬರಲಿಲ್ಲ. ಅವನು ಹೋಗಿ ತಿಂಗಳ ಮೇಲೆ ನರ್ಸರಿಯಿಂದ ಕ್ಲಾಸಿನ ಫೋಟೋ ಬಂತು. ಹಿಂದಿನ ಸಾಲಿನ ತುದಿಯಲ್ಲಿ, ಅಲುಗಾಡಿ ಮಸುಕಾದ ಒಂದು ಮುಖ, ಎದೆಯ ಮೇಲೆ ಕೊಡೆ. ಅದನ್ನೇ ದೊಡ್ಡದು ಮಾಡಿ, ತಿದ್ದಿ, ಸ್ಟುಡಿಯೋದವನ ಅಪ್ಪ ಭಾವಚಿತ್ರ ಮಾಡಿಕೊಟ್ಟಿದ್ದ.

ಆ ಕೊಡೆಯ ವಿಷಯವನ್ನು ಇಲ್ಲಿಯೇ ಹೇಳಿಬಿಡಬೇಕು. ಓದು ಬಾರದ ಮಕ್ಕಳಿಗೆ ತಮ್ಮ ಸಾಮಾನು ಗೊತ್ತಾಗಲೆಂದು ಆ ನರ್ಸರಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಚಿತ್ರ: ಒಬ್ಬನಿಗೆ ಮೀನು, ಒಬ್ಬಳಿಗೆ ಗಂಟೆ, ಇನ್ನೊಬ್ಬನಿಗೆ ಏಣಿ. ಚೀಲ ತೂಗುಹಾಕುವ ಮೊಳೆಯ ಮೇಲೂ ಅದೇ, ನೀರಿನ ಲೋಟದ ಮೇಲೂ ಅದೇ. ಏಪ್ರನ್ನಿನ ಮೇಲಿನ ಚಿತ್ರವನ್ನು ಮಾತ್ರ ತಾಯಂದಿರೇ ಹೊಲಿದು ಕೊಡಬೇಕು. ಅಮ್ಮನೂ ಆಗ ಟೈಲರೇ. ಈಗ ಮಗಳು ತುಳಿಯುವ ಮೆಷಿನ್ ಅವಳದೇ. ಅಪ್ಪನ ಮುರಿದ ಕೊಡೆಯ ಬಟ್ಟೆಯನ್ನೇ ಕತ್ತರಿಸಿ ಕೊಡೆ ಮಾಡಿ, ಅಂಚಿಗೆ ಒತ್ತಾಗಿ ಕೈಹೊಲಿಗೆ ಹಾಕಿದ್ದಳು. ಫೋಟೋ ಬಂದಾಗ ಅಪ್ಪ ಭೂತಗನ್ನಡಿ ಹಿಡಿದು, "ಮುಖ ಸರಿಯಾಗಿ ಬಂದೇ ಇಲ್ಲವಲ್ಲೇ," ಎಂದರೆ ಅಮ್ಮ, "ಮುಖ ಬರದಿದ್ರೇನು, ಹೊಲಿಗೆ ನಂದು. ಮಗನೂ ನನ್ನವನೇ," ಎಂದಿದ್ದಳಂತೆ. ಏಪ್ರನ್ನು ಮಂಡಿಯ ಮೇಲಕ್ಕೆ ಸರಿದು ಗಿಡ್ಡವಾಗಿ ಕಂಡದ್ದನ್ನೂ ಅವಳು ನೋಡಿದ್ದಳು. ಅದಕ್ಕೂ ಅವಳಲ್ಲಿ ಉತ್ತರವಿತ್ತು: "ಆ ವರ್ಷ ಸರ್ರನೆ ಬೆಳೆದುಬಿಟ್ಟಿದ್ದ."

*

ನರ್ಸರಿಯ ಬಾಗಿಲಲ್ಲಿ ಟೈಲರಕ್ಕ ತಲೆ ಬಗ್ಗಿಸಿದಳು; ಬಗ್ಗಿಸುವ ಅಗತ್ಯವಿರಲಿಲ್ಲ. ಅವಳೂ ಅಲ್ಲಿಯೇ ಕಲಿತವಳು. ಒಳಗೆ ಎಲ್ಲವೂ ಮೊಣಕಾಲೆತ್ತರದಲ್ಲಿತ್ತು: ಕೈ ತೊಳೆಯುವ ನಲ್ಲಿ, ಬೆಂಚು, ಗೋಡೆಯುದ್ದಕ್ಕೆ ಮೊಳೆಗಳ ಸಾಲು. ಮೊಳೆಗಳ ಮೇಲಿನ ಚಿತ್ರಗಳಿಗೆ ಎಷ್ಟೋ ಸಲ ಬಣ್ಣ ಬಳಿದಿದ್ದರು. ಬಗ್ಗಿ ಹುಡುಕಿದಳು. ಕೊಡೆಯಿದ್ದ ಜಾಗದಲ್ಲಿ ಈಗ ಬಸ್ಸಿತ್ತು.

ಹಾಲ್‌ನಲ್ಲಿ ಹಗ್ಗ ಕಟ್ಟಿ, ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿ, ವರ್ಷದ ಪ್ರಕಾರ ಫೋಟೋಗಳನ್ನು ನೇತುಹಾಕಿದ್ದರು. ಬಂದವರು ತಮ್ಮನ್ನು ತಾವು ಹುಡುಕಿಕೊಂಡು ಕಿಸಕ್ಕನೆ ನಗುತ್ತಿದ್ದರು. "ಅಯ್ಯೋ, ಈ ಮೂಗು ಸೋರೋನು ನೀನಾ?" "ನೀನೇನು ಕಮ್ಮಿ, ಚಡ್ಡಿ ಉಲ್ಟಾ ಹಾಕ್ಕೊಂಡಿದೀಯ!" ಟೈಲರಕ್ಕ ತನ್ನನ್ನು ಹುಡುಕಲಿಲ್ಲ. ನೇರ ಆ ವರ್ಷಕ್ಕೆ ಹೋದಳು. ಚಿಕ್ಕ ಕ್ಲಾಸು, ಹಿಂದಿನ ಸಾಲು, ತುದಿ. ಕೊಡೆ ಸಿಕ್ಕಿತು.

ದೊಡ್ಡ ಪ್ರಿಂಟು. ತೇವ ತಾಗದ, ಬ್ರಷ್ಷು ತಾಗದ ಮುಖ. ಇಷ್ಟು ವರ್ಷ ಗೋಡೆಯ ಮೇಲೆ ನೋಡಿದ್ದಕ್ಕಿಂತ ಅದು ಅಗಲವಾಗಿತ್ತು, ಒರಟಾಗಿತ್ತು. ಮಸುಕು ಇದ್ದೇ ಇತ್ತು, ಆದರೂ ಒಂದು ಹುಬ್ಬಿನ ನಡುವೆ ಕೂದಲಿಲ್ಲದ ಗೆರೆ ಕಾಣುತ್ತಿತ್ತು. ಹುಬ್ಬಿಗೆ ಯಾವಾಗ ಗಾಯ ಆಗಿತ್ತು? ಅವಳು ನೆನಪು ಮಾಡಿಕೊಳ್ಳಲು ನೋಡಿದಳು. ಬರಲಿಲ್ಲ. ಆದರೂ ಎದೆ ತುಂಬಿ ಬಂತು. ಇದನ್ನು ಅಮ್ಮನ ಕಿಂಡಿಗೆ ಸರಿಯಾಗಿ ಹಿಡಿದರೆ ಸಾಕು ಎಂದುಕೊಂಡು ಕ್ಲಿಪ್ಪಿಗೆ ಕೈ ಹಾಕಿದಳು.

"ಓಹೋ, ಟೈಲರಕ್ಕಾ! ನನ್ನ ಫೋಟೋ ಕದೀತಾ ಇದೀರಾ?"

ಹಿಂದೆ ನಲ್ಲಿ ರಿಪೇರಿಯವನು ನಿಂತಿದ್ದ. ಬೀದಿಯ ಅರ್ಧ ಮನೆಗಳ ಪೈಪು ಅವನ ಕೈಯಲ್ಲೇ. ಅವಳ ಮನೆಗೂ ಬಂದು ಹೋಗುವವನು. ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವನ ತಾಯಿ ಕೂತಿದ್ದಳು. ಆಕೆ ಆ ನರ್ಸರಿಯಲ್ಲಿ ಮಕ್ಕಳ ಕೈ ತೊಳೆದು, ಏಪ್ರನ್ ಒಗೆದು ಮುದುಕಿಯಾದವಳು. ಎಲ್ಲರಿಗೂ ಆಯಮ್ಮ.

"ನಿನ್ನದಲ್ಲಪ್ಪ, ನನ್ನ ತಮ್ಮಂದು," ಎಂದಳು ಟೈಲರಕ್ಕ, ತಮಾಷೆಯೆಂದೇ ತಿಳಿದು. "ಇಲ್ಲಿ, ಕೊಡೆ."

"ಕೊಡೆನೂ ನಾನೇ ಅಕ್ಕಾ." ಅವನು ಖುಷಿಯಲ್ಲಿ ಬೆರಳಿಟ್ಟು ತೋರಿಸುತ್ತ ಹೋದ. "ಆ ಕಡೆ ದೊಡ್ಡ ಕ್ಲಾಸು ನೋಡಿ, ಮೀನು, ಅದೂ ನಾನೇ. ಹಿಂದಿನ ವರ್ಷದ್ದರಲ್ಲಿ ಗಂಟೆ. ಅದೂ ನಾನೇ. ಫೀಸು ಕಟ್ಟದೆ ಎಲ್ಲ ಕ್ಲಾಸಲ್ಲೂ ಕೂತವನು ಈ ಶಾಲೇಲಿ ನಾನೊಬ್ಬನೇ!"

ಟೈಲರಕ್ಕ ಮೀನಿನ ಫೋಟೋ ನೋಡಿದಳು. ಅದರಲ್ಲಿ ಮುಖ ಅಲುಗಾಡಿರಲಿಲ್ಲ. ನುಣ್ಣಗೆ ಕತ್ತರಿಸಿದ ಕೂದಲು, ಅಗಲ ಕೆನ್ನೆ, ನಡುವೆ ತುಂಡಾದ ಹುಬ್ಬು. ಕೊಡೆಯ ಫೋಟೋ ನೋಡಿದಳು. ಆಮೇಲೆ ಪಕ್ಕದಲ್ಲಿ ನಿಂತವನ ಮುಖ ನೋಡಿದಳು. ತಲೆಯ ಕೂದಲು ಉದುರಿ, ಕೆನ್ನೆ ಜೋತುಬಿದ್ದಿದ್ದರೂ ಹುಬ್ಬು ಅದೇ ಜಾಗದಲ್ಲಿ ತುಂಡಾಗಿತ್ತು.

ಕೈಯಲ್ಲಿದ್ದ ಕ್ಲಿಪ್ಪು ಕೆಳಗೆ ಬಿತ್ತು.

"ಆಯಮ್ಮಾ, ಇವನು ಹೇಳೋದು ನಿಜಾನಾ?"

"ನಿಜ ಕಣಮ್ಮ. ಯಾಕೆ ಮುಖ ಹಾಗೆ ಮಾಡ್ತೀ?" ಎಂದಳು ಆಯಮ್ಮ. "ಆ ಫೋಟೋ ತೆಗೆಯೋನಿಗೆ ಬೆಂಚಿನ ಮೇಲೆ ಜಾಗ ಖಾಲಿ ಕಂಡ್ರೆ ಆಗ್ತಿರ್ಲಿಲ್ಲ. ಹಲ್ಲು ಬಿದ್ದ ಬಾಯಿ ಥರ ಕಾಣುತ್ತೆ, ಯಾರನ್ನಾದ್ರೂ ತುಂಬಿಸಿ ಅನ್ನೋನು. ಬಾರದೇ ಇದ್ದ ಮಗುವಿನ ಏಪ್ರನ್ ನನ್ನ ಹತ್ರಾನೇ ಇರ್ತಿತ್ತಲ್ಲ, ನಾನೇ ಒಗೆಯೋಳು. ಇವನಿಗೆ ತೊಡಿಸಿ ಕೂರಿಸ್ತಿದ್ದೆ. ಮನೇಲಿ ಬಿಟ್ಟು ಬರೋಕೆ ಯಾರೂ ಇರಲಿಲ್ಲ, ದಿನಾ ನನ್ನ ಜೊತೇಲೇ ಇರ್ತಿದ್ದ. ಒಂದು ಕ್ಲಾಸಿನ ಫೋಟೋ ಮುಗಿದ ತಕ್ಷಣ ಏಪ್ರನ್ ಬಿಚ್ಚಿ, ಇನ್ನೊಂದು ತೊಡಿಸಿ, ಓಡು ಓಡು ಅಂತ ಕಳಿಸ್ತಿದ್ದೆ. ಅದಕ್ಕೇ ಕೊಡೇಲಿ ಅಲುಗಾಡಿದಾನೆ ನೋಡು, ಏದುಸಿರು ಬಿಡ್ತಿದ್ದ."

"ಆದರೆ ಅವತ್ತು ನನ್ನ ತಮ್ಮ ಬಂದಿದ್ದ. ಅಮ್ಮ ತಲೆ ಬಾಚಿ, ಹೊಸ ಕಾಲುಚೀಲ ಹಾಕಿ ಕಳಿಸಿದ್ಲು. ಮನೆಗೆ ಬಂದ ಮೇಲೆ ಕೇಳಿದ್ಲು, ಫೋಟೋ ತೆಗೆದ್ರಾ ಅಂತ. ಬಾಯಿ ತುಂಬ ಬ್ರೆಡ್ ಇಟ್ಕೊಂಡು 'ಹೂಂ' ಅಂದ. ನಾನೇ ಪಕ್ಕದಲ್ಲಿದ್ದೆ."

ಆಯಮ್ಮ ಫೋಟೋದ ಕಡೆ ತಿರುಗಿದಳು.

"ಹೇಳಿದ ದಿನ ಮೋಡ ಕವಿದಿತ್ತಮ್ಮ. ಫೋಟೋ ತೆಗೆಯೋನು ಎಲ್ಲರನ್ನೂ ಬೆಂಚಿನ ಮೇಲೆ ಹತ್ತಿಸಿ, ಬೆಳಕಿಲ್ಲ ಅಂತ ಇಳಿಸಿಬಿಟ್ಟ. ಬಿಸಿಲು ಬಂದ ಮೇಲೆ ಆ ವಾರದಲ್ಲೇ ಇನ್ನೊಂದಿನ ಬಂದ. ಅಷ್ಟರಲ್ಲಿ ನಿಮ್ಮ ಬಟಾಣಿಗೆ ಜ್ವರ." ಅವಳ ದನಿ ಕುಗ್ಗಿತು. "ಬೆಂಚು ಹತ್ತಿದ್ದನ್ನೇ ಫೋಟೋ ಅಂದ್ಕೊಂಡಿರ್ತಾನೆ ಮಗು. ಬಿಸಿಲು ಬಂದ ದಿನದ ವಿಷಯ ನಿಮ್ಮನೇಲಿ ಯಾರಿಗೆ ಹೇಳೋಕಾಗ್ತಿತ್ತು? ಆಮೇಲೆ ಆಗಬಾರದ್ದು ಆಗಿಹೋಯ್ತು."

ನಲ್ಲಿಯವನ ಬಾಯಲ್ಲಿದ್ದ ನಗು ಎಲ್ಲಿ ಇಡುವುದೆಂದು ತಿಳಿಯದೆ ಹಾಗೇ ಆರಿಹೋಯಿತು. "ಅಕ್ಕಾ, ನಿಮ್ಮನೆ ಗೋಡೆ ಮೇಲೆ… ಅದು…? ಎಷ್ಟು ಸಲ ಅದರ ಕೆಳಗೇ ಸ್ಪ್ಯಾನರ್ ಹಿಡ್ಕೊಂಡು ಹೋಗಿದೀನಿ. ನಾನು ಅಂತ ಒಂದಿನಾನೂ ಅನ್ನಿಸ್ಲಿಲ್ಲ. ದೇವರಾಣೆ."

"ನಿನ್ನದೇನಪ್ಪ ತಪ್ಪು," ಎಂದಳು ಟೈಲರಕ್ಕ. ಅವಳಿಗೆ ತನ್ನ ದನಿ ಪಕ್ಕದ ಕೋಣೆಯಿಂದ ಬಂದ ಹಾಗೆ ಕೇಳಿಸಿತು. ಕೊಡೆಯ ಏಪ್ರನ್ನನ್ನು ಮತ್ತೊಮ್ಮೆ ನೋಡಿದಳು. ಈ ಸಲ ಅಕ್ಕನಾಗಿಯಲ್ಲ, ಟೈಲರಾಗಿ. ಭುಜ ಬಿಗಿದಿದೆ, ಕಂಕುಳಲ್ಲಿ ನೆರಿಗೆ ಎದ್ದಿದೆ, ಅಂಚು ಒಂದು ಗೇಣು ಮೇಲಿದೆ. ಬೇರೆಯವರ ಅಳತೆಯ ಬಟ್ಟೆ. ಅಂಗಡಿಗೆ ಯಾರಾದರೂ ಹೀಗೆ ತೊಟ್ಟು ಬಂದಿದ್ದರೆ, "ಇದು ನಿಮಗೆ ಹೊಲಿದದ್ದಲ್ಲ," ಎಂದು ಬಾಗಿಲಲ್ಲೇ ಹೇಳುತ್ತಿದ್ದಳು. ಮನೆಯ ಗೋಡೆಯ ಮೇಲೆ ಅದೇ ಬಿಗಿದ ಭುಜವನ್ನು ನಲವತ್ತು ವರ್ಷ ನೋಡಿಯೂ ಹೇಳಿರಲಿಲ್ಲ.

"ಆಯಮ್ಮಾ, ಬೇರೆ ಯಾವುದಾದ್ರೂ ಫೋಟೋದಲ್ಲಿ ಅವನಿದಾನಾ? ಆಟದ ದಿನದ್ದು, ಹಿಂದೆ ಎಲ್ಲಾದ್ರೂ ನಿಂತಿರೋದು?"

ಮೂವರೂ ಹಗ್ಗದುದ್ದಕ್ಕೆ ಹೋಗಿ ಹುಡುಕಿದರು. ನಲ್ಲಿಯವನು ಮಂಡಿಯೂರಿ ಕೆಳಗಿನ ಸಾಲು ನೋಡಿದ. ಬಟಾಣಿ ಸೇರಿದ್ದೇ ಆ ವರ್ಷ. ಆ ವರ್ಷದ್ದು ಎರಡೇ ಫೋಟೋ. ಎರಡರಲ್ಲೂ ಇದ್ದವನು ಆಯಮ್ಮನ ಮಗ.

"ಮುಖ ನೆನಪಿದೆಯಾ ನಿಮಗೆ?" ಎಂದು ಕೊನೆಗೆ ಕೇಳಿದಳು.

ಆಯಮ್ಮ ಕಣ್ಣು ಮುಚ್ಚಿದಳು.

"ಹಾಲಿನ ಕೆನೆ ಕಂಡ್ರೆ ಆಗ್ತಿರ್ಲಿಲ್ಲ. ಬೆರಳಿಂದ ತೆಗೆದು ನನ್ನ ಕೈಗೆ ಒರೆಸ್ತಿದ್ದ. ಅದು ಕೈಗೆ ನೆನಪಿದೆ. ಮುಖ… ಸುಳ್ಳು ಹೇಳಲಾರೆ ಮಗಳೇ. ಎಷ್ಟು ಮುಖ ಒರೆಸಿದೀನಿ ನಾನು. ಒಂದರ ಮೇಲೊಂದು ಬಂದು ಕೂತಿವೆ."

ಟೈಲರಕ್ಕ ಕ್ಲಿಪ್ಪು ಹೆಕ್ಕಿ, ಫೋಟೋವನ್ನು ಮೊದಲಿದ್ದ ಹಾಗೆಯೇ ಸಿಕ್ಕಿಸಿ ಹೊರಟಳು.

*

ದಾರಿಯುದ್ದಕ್ಕೂ ಅವಳು ಒಂದೇ ಕೆಲಸ ಮಾಡಿದಳು. ತಮ್ಮನನ್ನು ನೆನಪಿಗೆ ಕರೆಯುವುದು. ಅವನು ಮೆಷಿನ್ನಿನ ಪೆಡಲಿನ ಮೇಲೆ ಕೂತು ತೂಗುತ್ತಿದ್ದದ್ದು ನೆನಪಿತ್ತು. ನೂಲಿನ ಖಾಲಿ ರೀಲುಗಳನ್ನು ರೈಲು ಮಾಡಿ ಎಳೆಯುತ್ತಿದ್ದದ್ದು ನೆನಪಿತ್ತು. ತನ್ನ ಬೆನ್ನಿಗೆ ಜೋತುಬಿದ್ದಾಗಿನ ಭಾರ ನೆನಪಿತ್ತು. ಪ್ರತಿಸಲವೂ ಅವನು ಈ ಕಡೆ ತಿರುಗುತ್ತಿದ್ದ. ತಿರುಗಿದರೆ ಗೋಡೆಯ ಮೇಲಿನ ಮುಖ: ವಾಲಿದ ತಲೆ, ಮುಚ್ಚಿದ ತುಟಿ, ಎಡಕ್ಕೆ ಬೈತಲೆ. ಅದನ್ನು ಒರೆಸಿ ಹಾಕಿದರೆ ಕೆಳಗೆ ಇನ್ನೊಂದಿರಬೇಕಲ್ಲ ಎಂದು ಮತ್ತೆ ಮತ್ತೆ ಒರೆಸಿದಳು. ಕೆಳಗೆ ಏನೂ ಇರಲಿಲ್ಲ. ಪೆಡಲಿನ ಮೇಲೆ ಕೂತು ತೂಗುತ್ತಿದ್ದವನೂ ನಲ್ಲಿಯವನೇ ಆಗಿದ್ದ.

ಆದರೆ ಅಮ್ಮನಿಗೆ ಗೊತ್ತಿರುತ್ತದೆ, ಎಂದುಕೊಂಡಳು. ನಾನು ಆಗ ಏಳು ವರ್ಷದವಳು. ಅವಳು ಹೆತ್ತವಳು.

ಅಮ್ಮ ಮೆಷಿನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತು ಗುಂಡಿಗಳನ್ನು ಬೆರಳಿನಲ್ಲೇ ಅಳೆದು ಡಬ್ಬಿಗೆ ಬೇರೆ ಬೇರೆ ಹಾಕುತ್ತಿದ್ದಳು. ಚಪ್ಪಲಿಯ ಸದ್ದಿಗೆ ತಲೆಯೆತ್ತಿದಳು.

"ಸಿಕ್ತಾ?"

"ಹುಡುಕ್ತಿದಾರೆ ಅಮ್ಮ. ಹಳೇದಲ್ವಾ."

"ಹುಡುಕಲಿ, ಹುಡುಕಲಿ. ಕಣ್ಣು ಇನ್ನೂ ನಾಲ್ಕು ದಿನ ಬಾಡಿಗೆಗಿದೆ."

ಟೈಲರಕ್ಕ ಅವಳೆದುರು ನೆಲದ ಮೇಲೆ ಕೂತಳು. "ಅಮ್ಮಾ, ಬಟಾಣಿ ಹೇಗಿದ್ದ ಹೇಳು. ಮುಖ ಹೇಗಿತ್ತು?"

"ಇದೇನೇ ಹೊಸದಾಗಿ? ನಿಂಗೊತ್ತಿಲ್ವಾ?"

"ನೀನು ಹೇಳು, ಕೇಳೋಣ ಅಂತ."

ಅಮ್ಮ ಗುಂಡಿಗಳನ್ನು ಮಡಿಲಲ್ಲೇ ಬಿಟ್ಟು ಹಿಗ್ಗಿನಿಂದ ಶುರುಮಾಡಿದಳು. "ತುಟಿ ಹೀಗೆ ಒತ್ತಿ ಹಿಡ್ಕೊಳ್ತಿದ್ದ. ತಲೆ ಸ್ವಲ್ಪ ಈ ಕಡೆ ವಾಲ್ಸೋದು, ಏನೋ ಯೋಚನೆ ಮಾಡೋರ ಥರ. ಹುಬ್ಬು ಎರಡೂ ತಿದ್ದಿ ಬರೆದ ಹಾಗಿದ್ವು."

ತಿದ್ದಿ ಬರೆದದ್ದೇ.

"ಅದು ಫೋಟೋದಲ್ಲಿರೋದಮ್ಮ. ಫೋಟೋದಲ್ಲಿ ಇಲ್ಲದ್ದು ಏನಾದ್ರೂ ಹೇಳು. ಅಳೋವಾಗ ಮುಖ ಹೇಗಾಗ್ತಿತ್ತು? ನಕ್ಕರೆ?"

ಅಮ್ಮನ ಕಾಣದ ಕಣ್ಣು, ಕಾಣುವ ಕಣ್ಣು ಎರಡೂ ಒಂದೇ ಸಮನೆ ಅತ್ತಿತ್ತ ಹುಡುಕಿದವು.

"ಫೋಟೋ ದಿನ ನೀನೇ ತಲೆ ಬಾಚಿದ್ದೆ ಅಂತೀಯಲ್ಲ," ಎಂದು ಮಗಳು ದಾರಿ ತೋರಿಸಿದಳು. "ಹೇಗೆ ಬಾಚ್ತಿದ್ದೆ, ತೋರಿಸು."

ಅಮ್ಮನ ಎಡಗೈ ಗಾಳಿಯಲ್ಲಿ ಒಂದು ಪುಟ್ಟ ಗದ್ದವನ್ನು ಹಿಡಿಯಿತು. ಬಲಗೈ ಬಾಚಣಿಗೆ ಹಿಡಿದಂತೆ ಮಡಿಸಿಕೊಂಡು, ಯಾವ ಅನುಮಾನವೂ ಇಲ್ಲದೆ, ತಲೆಯ ಬಲಗಡೆ ಉದ್ದಕ್ಕೆ ಒಂದು ಗೆರೆ ಎಳೆಯಿತು. ಆ ಎರಡು ಕೈಗಳ ನಡುವೆ, ಒಂದು ಗಳಿಗೆ, ಯಾರೋ ಬಂದು ನಿಂತ ಹಾಗಿತ್ತು.

ಅಮ್ಮನ ಕೈ ತಡೆಯಿತು.

"ಛೆ, ಅಲ್ಲ," ಎಂದಳು. "ಎಡಕ್ಕೆ. ಫೋಟೋದಲ್ಲಿ ಎಡಕ್ಕಿದೆ." ಕೈ ಎಡಕ್ಕೆ ಸರಿದು ಅಲ್ಲಿ ಇನ್ನೊಂದು ಗೆರೆ ಎಳೆಯಿತು. "ವಯಸ್ಸಾಯ್ತು ನೋಡು, ಕೈಗೂ ಮರೆವು."

"ಇಲ್ಲಮ್ಮ, ಮೊದಲು ಎಳೆದದ್ದೇ…" ಎಂದ ಟೈಲರಕ್ಕನಿಗೆ ಮುಂದೆ ಹೇಳಲಾಗಲಿಲ್ಲ. ಹೇಳಿದರೆ ಪೂರ್ತಿ ಹೇಳಬೇಕು. ಪೂರ್ತಿ ಹೇಳಿದರೆ ಗೋಡೆ ಖಾಲಿ. ಕಿಂಡಿಯಷ್ಟು ಉಳಿದ ಕಣ್ಣಿಗೆ ಖಾಲಿ ಗೋಡೆ ತೋರಿಸಿ ಬರುವ ಪುಣ್ಯವೇನು?

"ಇನ್ನೊಂದ್ಸಲ ಬಾಚಮ್ಮ," ಎಂದಳು.

ಅಮ್ಮ ನಗುತ್ತ ಬಾಚಿದಳು. ಎಡಕ್ಕೆ. ಇನ್ನೂ ಒಮ್ಮೆ ಕೇಳಿದಾಗಲೂ ಎಡಕ್ಕೇ.

ಎರಡು ದಿನ ಬಿಟ್ಟು ಟೈಲರಕ್ಕ ಸ್ಟುಡಿಯೋಗೆ ಹೋಗಿ, ಪ್ರಿಂಟು ಬೇಡವೆಂದು ಭಾವಚಿತ್ರ ವಾಪಸು ತಂದು ಗೋಡೆಗೆ ಹಾಕಿದಳು. ನರ್ಸರಿಯವರ ಹತ್ತಿರವೂ ಆ ವರ್ಷದ್ದು ಹಾಳಾಗಿದೆಯಂತೆ ಎಂದು ಮನೆಯಲ್ಲಿ ಹೇಳಿದಳು. "ಹೋಗ್ಲಿ ಬಿಡು," ಎಂದಳು ಅಮ್ಮ, "ನಮ್ಮದೊಂದಿದೆಯಲ್ಲ," ಎಂದು ಭಾವಚಿತ್ರವನ್ನು ಕೆಳಗಿಳಿಸಿಕೊಂಡು, ಕಣ್ಣಿಗೆ ತೀರ ಹತ್ತಿರ ಹಿಡಿದು, ಮೂಲೆಯಿಂದ ಮೂಲೆಗೆ ಕಿಂಡಿಯನ್ನು ಸರಿಸುತ್ತ ನೋಡಿದಳು. ಮಳೆಗಾಲ ಮುಗಿಯುವ ಹೊತ್ತಿಗೆ ಆ ಕಿಂಡಿಯೂ ಮುಚ್ಚಿತು. ನಲ್ಲಿಯವನು ಈಗಲೂ ಕರೆದರೆ ಬರುತ್ತಾನೆ, ಗೋಡೆಯ ಕಡೆ ನೋಡದೆ ಕೆಲಸ ಮುಗಿಸುತ್ತಾನೆ, ಕೂಲಿ ಕೊಡಹೋದರೆ ಕೈ ಹಿಂದಕ್ಕೆಳೆದುಕೊಳ್ಳುತ್ತಾನೆ. ನರ್ಸರಿಯ ಜಾಗದಲ್ಲಿ ಈಗ ಕಬ್ಬಿಣದ ಸರಳುಗಳೆದ್ದಿವೆ.

ಉಳಿದದ್ದು ಒಂದು ಪ್ರಿಂಟಿನ ಮತ್ತು ಚೌಕಟ್ಟಿನ ದುಡ್ಡು. ಹೋದದ್ದು ಬಟಾಣಿಯ ಮುಖ. ಅದನ್ನು ದಿನವೂ ಕಂಡಿದ್ದ ಇಬ್ಬರು ಆ ಮನೆಯಲ್ಲಿ ಇನ್ನೂ ಬದುಕಿದ್ದಾರೆ, ಇಬ್ಬರಿಗೂ ನೆನಪಿಲ್ಲ.